ನಾನು ಒಳಗೆ ಬಂದ ಕೂಡಲೇ ನಗು ನಿಲ್ಲುತ್ತದೆ

ಪ್ರಶ್ನೆ: ನಮಸ್ತೆ ಮೇಡಂ. ಸಾಗರ ತಾಲ್ಲೂಕಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ 19 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ವಯಸ್ಸು 44. ಗುಮಾಸ್ತೆಯಾಗಿ ಸೇರಿದವಳು, ಹೋದ ವರ್ಷ ಮ್ಯಾನೇಜರ್ ಆದೆ. ಪಿಗ್ಮಿ ಸಂಗ್ರಹಿಸುವವರೂ ಸೇರಿ ನನ್ನ ಕೈಕೆಳಗೆ 14 ಜನ. ಮೊದಲು ಕಚೇರಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದವಳು ನಾನೇ. ಯಾರು ಹೇಗೆ ಸಹಿ ಮಾಡುತ್ತಾರೆ, ಯಾರು ಹೇಗೆ ಫೋನ್ ಎತ್ತುತ್ತಾರೆ ಅಂತ ನಟಿಸಿ ತೋರಿಸುತ್ತಿದ್ದೆ. ಈಗ ನಾನು ಒಳಗೆ ಬಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರೆ. ‘ಅಕ್ಕ’ ಅನ್ನುತ್ತಿದ್ದ ಕಿರಿಯರು ‘ಮೇಡಂ’ ಅನ್ನುತ್ತಾರೆ. ಒಂದು ದಿನ ತಡವಾಗಿ ಬಂದ ಗುಮಾಸ್ತರೊಬ್ಬರಿಗೆ ‘ಬನ್ನಿ ಬನ್ನಿ, ಮುಖ್ಯ ಅತಿಥಿಗಳು ಬಂದ್ರು, ಹಾರ ತನ್ನಿ’ ಅಂದೆ. ಎಲ್ಲರೂ ನಕ್ಕರು. ಅವರು ಮಾತ್ರ ಅವತ್ತಿನಿಂದ ನನ್ನ ಹತ್ತಿರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾರೆ. ಆಮೇಲೆ ಆಡಳಿತ ಮಂಡಳಿಯವರು ತರಬೇತುದಾರರನ್ನು ಕರೆಸಿ ಒಂದು ದಿನದ ಆಟದ ಕಾರ್ಯಕ್ರಮ ಮಾಡಿಸಿದರು. ಬಲೂನು ಒಡೆಯುವುದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವುದು ಇತ್ಯಾದಿ. ನಿವೃತ್ತಿಗೆ ಎರಡು ವರ್ಷ ಇರುವ ನಮ್ಮ ಕ್ಯಾಶಿಯರ್ ಊಟಕ್ಕೂ ನಿಲ್ಲದೆ ಮನೆಗೆ ಹೋದರು. ‘ಜಾಸ್ತಿ ನಗಬೇಡಿ, ಸದರ ಆಗ್ತೀರಿ’ ಅಂತ ಅಧ್ಯಕ್ಷರು ಹೇಳುತ್ತಾರೆ. ಮಗಳು ಬೆಂಗಳೂರಿನಲ್ಲಿ ತನ್ನ ಮ್ಯಾನೇಜರ್ ಜೊತೆ ಟೇಬಲ್ ಟೆನಿಸ್ ಆಡುತ್ತಾಳಂತೆ. ಯಾವುದು ಸರಿ? ಜವಾಬ್ದಾರಿ ಇರುವವರಿಗೆ ಆಟ, ತಮಾಷೆ ಬೇಕಾ? ಬೇಕು ಅಂದರೆ ಎಲ್ಲಿಂದ ಶುರು ಮಾಡಲಿ? ‘ನನ್ನನ್ನು ಮೊದಲಿನ ಹಾಗೆ ಅಕ್ಕ ಅಂತಲೇ ಕರೆಯಿರಿ’ ಅಂತ ನಾನೇ ಹೇಳಬಹುದಾ?

ಉತ್ತರ: ನಿಮ್ಮ ಪತ್ರದ ನಡುವೆ ‘ಎಲ್ಲರೂ ನಕ್ಕರು’ ಅಂತ ಒಂದು ಕಡೆ ಬರೆದಿದ್ದೀರಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ಆ 13 ಜನ ನಿಮ್ಮ ಮಾತು ಚೆನ್ನಾಗಿತ್ತು ಅಂತ ನಕ್ಕರೋ, ನೀವು ಮ್ಯಾನೇಜರ್ ಅಂತ ನಕ್ಕರೋ? ನಿಮಗೆ ಗೊತ್ತಾಗುವ ದಾರಿಯೇ ಇಲ್ಲ. ಕುರ್ಚಿ ಬದಲಾದಾಗ ಮೊದಲು ಕಳೆದುಹೋಗುವುದು ಇದೇ. ಮೊದಲು ನಿಮ್ಮ ತಮಾಷೆ ಸಪ್ಪೆಯಾಗಿದ್ದರೆ ಪಕ್ಕದವರು ‘ಸಾಕು ಮಾರಾಯ್ತಿ’ ಅಂದುಬಿಡುತ್ತಿದ್ದರು. ಈಗ ಯಾರೂ ಹಾಗೆ ಹೇಳುವುದಿಲ್ಲ. ಅಷ್ಟೇ ಅಲ್ಲ, ಹಾರ ತನ್ನಿ ಅನ್ನುವ ಅದೇ ಮಾತನ್ನು ಎರಡು ವರ್ಷದ ಹಿಂದೆ ಪಕ್ಕದ ಟೇಬಲ್ಲಿನಿಂದ ಅಂದಿದ್ದರೆ ಕೀಟಲೆ ಆಗುತ್ತಿತ್ತು. ಅವರೂ ತಿರುಗಿ ಏನಾದರೂ ಅನ್ನುತ್ತಿದ್ದರು. ಮ್ಯಾನೇಜರ್ ಕುರ್ಚಿಯಿಂದ ಅಂದಾಗ ಅದು ಗೇಲಿ ಆಯಿತು, ಯಾಕೆಂದರೆ ಅವರಿಗೆ ತಿರುಗಿ ಅನ್ನುವ ಹಾಗಿರಲಿಲ್ಲ. ತಿರುಗಿ ಅನ್ನಲು ಆಗದವರ ಮೇಲೆ ಮಾಡಿದ್ದು ಆಟವಾಗುವುದಿಲ್ಲ. ನಿಮ್ಮ ಸ್ವಭಾವ ಕೆಟ್ಟಿದೆ ಅಂತ ಇದರ ಅರ್ಥ ಅಲ್ಲ. ನೆಲ ಬದಲಾಗಿದೆ, ಹೆಜ್ಜೆ ಹಳೆಯದೇ ಇದೆ.

ಭಯ ಹೇಗೆ ಆಟವನ್ನು ಕೊಲ್ಲುತ್ತದೆ ಅನ್ನುವುದಕ್ಕೆ ಒಂದು ಪ್ರಯೋಗ ಹೇಳುತ್ತೇನೆ. ಎಸ್ಟೋನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಯಾಕ್ ಪ್ಯಾಂಕ್‌ಸೆಪ್ ಅನ್ನುವ ವಿಜ್ಞಾನಿ ಪ್ರಾಣಿಗಳ ಆಟವನ್ನು ಬಹಳ ವರ್ಷ ಅಧ್ಯಯನ ಮಾಡಿದರು. ಎಳೆಯ ಇಲಿಗಳು ಒಂದನ್ನೊಂದು ಉರುಳಿಸಿ ಆಡುತ್ತವೆ. ಅವು ಆಡುವ ಪೆಟ್ಟಿಗೆಯೊಳಗೆ ಪ್ಯಾಂಕ್‌ಸೆಪ್ ಬೆಕ್ಕಿನ ಒಂದಿಷ್ಟು ಕೂದಲು ಇಟ್ಟರು. ಪ್ರಯೋಗಾಲಯದಲ್ಲೇ ಬೆಳೆದ ಆ ಇಲಿಗಳು ಜೀವನದಲ್ಲಿ ಬೆಕ್ಕು ನೋಡಿರಲಿಲ್ಲ. ಆದರೂ ಆಟ ಪೂರ್ತಿ ನಿಂತುಹೋಯಿತು. ಕೂದಲು ತೆಗೆದ ಮೇಲೂ ಹಲವು ದಿನ ಮೊದಲಿನ ಹಾಗೆ ಆಡಲಿಲ್ಲ. ಬೆಕ್ಕು ಬರಲೇ ಇಲ್ಲ, ವಾಸನೆಯೇ ಸಾಕಾಯಿತು. ನಿಮ್ಮ ಹಾರದ ಮಾತು ಅಂಥದ್ದೇ ಕೂದಲು. ಅದನ್ನು ಕೇಳಿಸಿಕೊಂಡವರು ಆ ಗುಮಾಸ್ತರೊಬ್ಬರೇ ಅಲ್ಲ. ನಕ್ಕವರೆಲ್ಲ ಒಳಗೊಳಗೇ ‘ನಾಳೆ ನಾನು’ ಅಂತ ಲೆಕ್ಕ ಹಾಕಿರುತ್ತಾರೆ.

ಹಾಗಾಗಿ ಮೊದಲ ಕೆಲಸ ಅದನ್ನು ತೆಗೆಯುವುದು. ಆ ಗುಮಾಸ್ತರನ್ನು ಕ್ಯಾಬಿನ್ನಿಗೆ ಕರೆಸಬೇಡಿ, ಕರೆಸಿದರೆ ವಿಚಾರಣೆ ಅನ್ನಿಸುತ್ತದೆ. ನೀವೇ ಅವರ ಟೇಬಲ್ ಹತ್ತಿರ ಹೋಗಿ, ಪಕ್ಕದಲ್ಲಿ ಯಾರೂ ಇಲ್ಲದಾಗ ಹೇಳಿ: ‘ಅವತ್ತು ಎಲ್ಲರ ಎದುರು ಹಾಗೆ ಅಂದಿದ್ದು ನನ್ನ ತಪ್ಪು. ತಡ ಆಗಿದ್ದಕ್ಕೆ ಕಾರಣ ಏನು ಅಂತ ನಾನು ಕೇಳಬೇಕಿತ್ತು.’ ಅಷ್ಟೇ. ‘ತಮಾಷೆಗೆ ಅಂದಿದ್ದು’ ಅಂತ ಸೇರಿಸಬೇಡಿ. ಅದನ್ನು ಸೇರಿಸಿದರೆ ತಪ್ಪು ಅವರ ಮೇಲೆ ಹೋಗುತ್ತದೆ, ತಮಾಷೆ ಅರ್ಥವಾಗದವರು ಅನ್ನುವ ಹಾಗೆ. ಅವರು ಸುಮ್ಮನೆ ತಲೆ ಆಡಿಸಬಹುದು. ಪರವಾಗಿಲ್ಲ, ಎದ್ದು ಬನ್ನಿ.

ಇನ್ನು ಅಧ್ಯಕ್ಷರು ಹೇಳಿದ ‘ಸದರ’. ಈ ಹೆದರಿಕೆ ನಿಜವಾದದ್ದು, ತಳ್ಳಿಹಾಕಬೇಡಿ. ಆದರೆ ಸದರ ಬೇರೆ, ಸಲುಗೆ ಬೇರೆ. ನಾನು 22 ವರ್ಷದಿಂದ ಶಿವಮೊಗ್ಗದಲ್ಲಿದ್ದು ಸಹಕಾರ ಸಂಘ, ಆಸ್ಪತ್ರೆ, ಫೌಂಡ್ರಿ, ಶಾಲೆಗಳ ಸಿಬ್ಬಂದಿ ಜೊತೆ ಕೆಲಸ ಮಾಡಿದ್ದೇನೆ. ನಗುವುದರಿಂದ ಸದರ ಆದ ಮೇಲಧಿಕಾರಿಯನ್ನು ನಾನು ನೋಡಿಲ್ಲ. ಸದರ ಆದವರೆಲ್ಲ ನಿರ್ಧಾರ ಮಾಡಲು ಆಗದವರು. ರಜೆ ಅರ್ಜಿ ವಾರಗಟ್ಟಲೆ ಇಟ್ಟುಕೊಳ್ಳುವವರು, ಒಬ್ಬರಿಗೊಂದು ಇನ್ನೊಬ್ಬರಿಗೊಂದು ನಿಯಮ ಮಾಡುವವರು, ಕೊಟ್ಟ ಮಾತು ಮರೆಯುವವರು. ಅವರಲ್ಲಿ ಎಷ್ಟೋ ಜನ ನಗುವುದೇ ಇಲ್ಲ. ಕೆಲಸದಲ್ಲಿ ನೀವು ಗಟ್ಟಿಯಾಗಿದ್ದರೆ ನಿಮ್ಮ ನಗು ಸಲುಗೆ ಆಗುತ್ತದೆ. ಕೆಲಸದಲ್ಲಿ ಸಡಿಲವಾಗಿದ್ದರೆ ಗಂಟು ಮುಖ ಹಾಕಿಕೊಂಡರೂ ಸದರವೇ.

ನಮ್ಮ ಭಾಷೆಯೂ ಇಲ್ಲಿ ಸ್ವಲ್ಪ ಮೋಸ ಮಾಡುತ್ತದೆ. ‘ಹುಡುಗಾಟ ಆಡಬೇಡ’, ‘ಇದೇನು ಮಕ್ಕಳಾಟನಾ’ ಅಂತ ಬೈಸಿಕೊಂಡೇ ಬೆಳೆದಿದ್ದೇವೆ ಅಲ್ವಾ. ಆಟ ಅಂದರೆ ಜವಾಬ್ದಾರಿ ಇಲ್ಲದ್ದು ಅಂತ ತಲೆಯಲ್ಲಿ ಕೂತಿದೆ. ಆದರೆ ಅದೇ ಮಲೆನಾಡಿನಲ್ಲಿ, ಬೆಳಗಿನ ಜಾವದ ತನಕ ಚಳಿಯಲ್ಲಿ ಕಂಬಳಿ ಹೊದ್ದು ನೋಡುವ ಯಕ್ಷಗಾನಕ್ಕೆ ನಾವು ಇಟ್ಟ ಹೆಸರೇನು? ‘ಇವತ್ತು ರಾತ್ರಿ ಆಟ ಇದೆ.’ ಅದಕ್ಕಿಂತ ಶ್ರದ್ಧೆಯ ಕೆಲಸ ಊರಲ್ಲಿ ಇನ್ನೊಂದಿರುವುದಿಲ್ಲ. ಅಲ್ಲಿ ಹಾಸ್ಯಗಾರನನ್ನು ನೆನಪು ಮಾಡಿಕೊಳ್ಳಿ. ದೂತನಾಗಿ ಬಂದು ಒಡೆಯನ ಮಾತನ್ನೇ ತಿರುಚುತ್ತಾನೆ, ಕೇಳಬಾರದ ಪ್ರಶ್ನೆ ಕೇಳುತ್ತಾನೆ. ಒಡೆಯ ಗದರುತ್ತಾನೆ, ಉತ್ತರವನ್ನೂ ಕೊಡುತ್ತಾನೆ. ಅವನ ಕಿರೀಟ ಬೀಳುವುದಿಲ್ಲ. ನನ್ನ ಮಟ್ಟಿಗೆ ಒಳ್ಳೆಯ ಒಡೆಯನ ವೇಷಧಾರಿ ಅಂದರೆ ಹಾಸ್ಯಗಾರನಿಗೆ ಜಾಗ ಬಿಡಲು ಗೊತ್ತಿರುವವನು.

ನಿಮ್ಮ ಜಾಗವೂ ಈಗ ಬದಲಾಗಿದೆ. ಇಷ್ಟು ವರ್ಷ ನೀವು ಹಾಸ್ಯಗಾರನ ವೇಷದಲ್ಲಿದ್ದಿರಿ. ಈಗ ಬೇರೆ ವೇಷ. ನಗಿಸುವ ಭಾರ ಇಳಿಸಿಬಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಸಾರ್ವಜನಿಕ ಜಾಗಗಳಲ್ಲಿ ಜನ ಮಾತಾಡುವುದನ್ನು ಗಮನಿಸಿ 1,200 ನಗುವಿನ ಪ್ರಸಂಗಗಳನ್ನು ಬರೆದುಕೊಂಡರು. ಜೋಕು ಅನ್ನಬಹುದಾದ ಮಾತಿಗೆ ಬಂದ ನಗು ಶೇ. 20ಕ್ಕಿಂತ ಹೆಚ್ಚಿರಲಿಲ್ಲ. ಉಳಿದದ್ದೆಲ್ಲ ‘ಸರಿ, ಆಮೇಲೆ ಸಿಗ್ತೀನಿ’ ಅನ್ನುವಂಥ ಮಾಮೂಲಿ ಮಾತಿಗೆ ಬಂದ ನಗು. ಅಡಿಕೆ ಸುಲಿಯುವ ರಾತ್ರಿ ಹೀಗೇ ಅಲ್ವಾ. ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತ ಹೆಂಗಸರಲ್ಲಿ ಯಾರೂ ಜೋಕು ಹೇಳುತ್ತಿರುವುದಿಲ್ಲ. ಯಾರದ್ದೋ ಮನೆ ದನ, ಯಾರದ್ದೋ ಮದುವೆ, ಒಂದು ಒಗಟು, ನಡುವೆ ಬಿದ್ದು ಬಿದ್ದು ನಗು. ಕೈ ಮಾತ್ರ ನಿಲ್ಲುವುದಿಲ್ಲ. ಸುಲಿದಷ್ಟಕ್ಕೇ ಕೂಲಿ. ಮನೆ ಯಜಮಾನರು ಬಂದು ನಿಂತು ‘ಏನು ನಗು?’ ಅಂತ ಕೇಳಿದರೆ ಐದು ನಿಮಿಷ ಎಲ್ಲ ಗಪ್‌ಚುಪ್. ಆ ಪ್ರಶ್ನೆ ಮಾತ್ರ ನೀವು ಕೇಳಬೇಡಿ. ಕೋಣೆಗೆ ಹೋದಾಗ ನಗು ನಿಂತರೆ, ಬಂದ ಕೆಲಸ ಹೇಳಿ ಹೊರಡಿ. ನಿಮ್ಮ ಬೆನ್ನ ಹಿಂದೆ ನಗು ಮತ್ತೆ ಶುರುವಾದರೆ ಅದನ್ನು ಒಳ್ಳೆಯ ಸುದ್ದಿ ಅಂತ ತಿಳಿಯಿರಿ.

ಇದೆಲ್ಲ ಯಾಕೆ ಬೇಕು, ಸುಮ್ನೆ ಕೆಲಸ ಮಾಡಿಕೊಂಡು ಹೋದರೆ ಆಗದಾ ಅಂತ ಅಧ್ಯಕ್ಷರು ಕೇಳಬಹುದು. ಅದಕ್ಕೆ ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಶಿವಮೊಗ್ಗದ ಒಂದು ಫೌಂಡ್ರಿ. ಮರಳಿನ ಅಚ್ಚಿನಲ್ಲಿ ಕರಗಿದ ಕಬ್ಬಿಣ ಹೊಯ್ಯುವ ಕೆಲಸ. ಮಳೆಗಾಲ ಬಂದರೆ ರಿಜೆಕ್ಟ್ ಆಗುವ ಮಾಲು ಏರುತ್ತಿತ್ತು. ಎರಕದ ಒಳಗೆ ಸಣ್ಣ ಸಣ್ಣ ತೂತು, ಅವರು ಬ್ಲೋ ಹೋಲ್ ಅನ್ನುತ್ತಾರೆ. ಮೀಟಿಂಗ್ ಮೇಲೆ ಮೀಟಿಂಗ್ ಆಯಿತು, ಯಾರೂ ಬಾಯಿ ಬಿಡಲಿಲ್ಲ. ಅಲ್ಲಿನ ಶಿಫ್ಟ್ ಮೇಲ್ವಿಚಾರಕರು ಹೆಚ್ಚು ಮಾತಿನವರಲ್ಲ, ನಗಿಸುವವರಂತೂ ಅಲ್ಲವೇ ಅಲ್ಲ. ಒಂದು ದಿನ ಹಾಜರಿ ಹಾಕುವ ಜಾಗದಲ್ಲಿ ಕರಿಹಲಗೆ ತೂಗು ಹಾಕಿ, ಸೀಮೆಸುಣ್ಣ ಇಟ್ಟರು. ‘ಇವತ್ತು ಎಷ್ಟು ರಿಜೆಕ್ಟ್?’ ಅಂತ ಮೇಲೆ ಬರೆದು, ಕೆಳಗೆ ತಮ್ಮ ಅಂದಾಜು ಹಾಕಿದರು. ಬೇಕಾದವರು ತಮ್ಮದೂ ಬರೆಯಬಹುದು. ಮೇಲ್ವಿಚಾರಕರ ಅಂದಾಜು ಎಲ್ಲರಿಗಿಂತ ದೂರ ಇದ್ದರೆ ಸಂಜೆ ಚಹಾ ಅವರೇ ತಂದುಕೊಡಬೇಕು.

ಅವರೇ ಸೋಲುತ್ತಿದ್ದರು, ಮತ್ತೆ ಮತ್ತೆ. ತಟ್ಟೆ ಹಿಡಿದು ಲೋಟ ಹಂಚುತ್ತಿದ್ದರು, ಅದೇ ಗಂಭೀರ ಮುಖದಲ್ಲಿ. ಬರೆಯುವವರು ಮೂರು ಜನ ಇದ್ದದ್ದು ಹತ್ತಾದರು. ಒಂದು ಬೆಳಿಗ್ಗೆ ಮರಳು ಕಲಸುವ ಕಡೆ ಕೆಲಸ ಮಾಡುವ ಒಬ್ಬರು, ಮೀಟಿಂಗಿನಲ್ಲಿ ಒಂದು ಸಲವೂ ಬಾಯಿ ತೆರೆಯದವರು, ಬಂದು ಉಳಿದವರ ಅಂದಾಜಿನ ದುಪ್ಪಟ್ಟು ಬರೆದರು. ಯಾಕೆ ಇಷ್ಟು ಅಂತ ಕೇಳಿದರೆ, ‘ರಾತ್ರಿ ಮಳೆ ಹೊಡೆದಿದೆ ಸಾರ್. ರಾಶಿಯ ಆ ಬದಿ ನೆನೆದಿದೆ. ಮುಷ್ಟಿಯಲ್ಲಿ ಹಿಡಿದ್ರೆ ಗೊತ್ತಾಗ್ತದೆ’ ಅಂದರು. ಮರಳಿನಲ್ಲಿ ತೇವ ಜಾಸ್ತಿಯಾದರೆ ಬಿಸಿ ಕಬ್ಬಿಣ ತಾಗಿದ ಕೂಡಲೇ ಆವಿ ಏಳುತ್ತದೆ. ಆ ಆವಿ ಹೊರಗೆ ಹೋಗಲಾಗದೆ ಎರಕದೊಳಗೆ ತೂತು ಮಾಡುತ್ತದೆ. ಇದು ಮೇಲ್ವಿಚಾರಕರಿಗೂ ಗೊತ್ತಿದ್ದ ವಿಷಯ. ಆದರೆ ರಾಶಿಯ ಯಾವ ಬದಿಗೆ ಇರಚಲು ಹೊಡೆಯುತ್ತದೆ ಅನ್ನುವುದು ಮರಳು ಕಲಸುವ ಅವರೊಬ್ಬರಿಗೇ ಗೊತ್ತಿತ್ತು. ಅವತ್ತು ಅವರ ಅಂದಾಜೇ ಹತ್ತಿರ ಬಂತು. ಆ ಕಡೆಗೆ ತಗಡು ಹಾಕಿಸಿದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ನಾನು ಆಮೇಲೆ ಕೇಳಿದೆ. ‘ಹೇಳಿದ್ರೆ ದೂರು ಆಗ್ತದೆ ಮೇಡಂ, ಬರೆದ್ರೆ ಆಟ’ ಅಂದರು.

ಆಡಿಟ್ ಹತ್ತಿರ ಬಂದಾಗ ನಿಮಗೆ ಬೇಕಾದದ್ದೂ ಇದೇ. ಲೆಕ್ಕದಲ್ಲಿ ವ್ಯತ್ಯಾಸ ಕಂಡವರು ಅವತ್ತೇ ಬಂದು ಹೇಳಬೇಕು. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳ ನರ್ಸ್ ತಂಡಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ನಡೆಯುವ ತಂಡಗಳಲ್ಲೇ ಔಷಧಿಯ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಕೆದಕಿ ನೋಡಿದರೆ ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಬೇರೆ ಕಡೆ ಹೆದರಿ ಸುಮ್ಮನಿದ್ದರು.

ನಿಮ್ಮ ಕ್ಯಾಶಿಯರ್ ವಿಷಯ ಓದಿ ಮನಸ್ಸಿಗೆ ಕಷ್ಟ ಆಯಿತು, ಯಾಕೆಂದರೆ ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಕಚೇರಿಯ ಸಿಬ್ಬಂದಿಗೆ ಕುರ್ಚಿ ಆಟ ಆಡಿಸಿದೆ. ಮಂಡಿ ನೋವಿದ್ದ ಹಿರಿಯರೊಬ್ಬರು ಬೇಡ ಅಂದರೂ ಚಪ್ಪಾಳೆ ತಟ್ಟಿ ಎಬ್ಬಿಸಿದೆವು. ಮೊದಲ ಸುತ್ತಿನಲ್ಲೇ ಹೊರಗಾಗಿ, ಉಳಿದ ಹೊತ್ತು ಗೋಡೆಗೆ ಒರಗಿ ನಿಂತಿದ್ದರು. ಅವರ ಮುಖ ಇವತ್ತಿಗೂ ಕಣ್ಣ ಮುಂದೆ ಇದೆ. ‘ಬೇಡ’ ಅನ್ನಲು ಬರದ ಕಡೆ ಆಟ ಇಲ್ಲ, ಹಾಜರಿ ಮಾತ್ರ ಇರುತ್ತದೆ. ಅಂದಿನಿಂದ ನಾನು ಕಡ್ಡಾಯದ ಆಟಗಳನ್ನು ಆಡಿಸುವುದೇ ಬಿಟ್ಟೆ. ಮಂಡಳಿಯವರು ಮುಂದಿನ ವರ್ಷ ಮತ್ತೆ ಕಾರ್ಯಕ್ರಮ ಅಂದರೆ, ‘ಇಷ್ಟ ಇದ್ದವರು ಮಾತ್ರ’ ಅಂತ ಬರೆಸಿ. ನಿಮ್ಮ ಕೈಯಲ್ಲಿದ್ದರೆ ಬೇಡವೇ ಬೇಡ ಅನ್ನಿ. ಆ ದುಡ್ಡಿನಲ್ಲಿ ಎಲ್ಲರಿಗೂ ಒಳ್ಳೆಯ ಊಟ ಹಾಕಿಸಬಹುದು.

ಕ್ಯಾಶಿಯರಿಗೆ ಆಟ ಇಷ್ಟವಿಲ್ಲ ಅಂತಲೂ ತೀರ್ಮಾನಿಸಬೇಡಿ. ಜರ್ಮನಿಯಲ್ಲಿ ರೆನೆ ಪ್ರೊಯರ್ ಅನ್ನುವ ಮನಶ್ಶಾಸ್ತ್ರಜ್ಞರು ದೊಡ್ಡವರ ಆಟದ ಸ್ವಭಾವವನ್ನೇ ಅಧ್ಯಯನ ಮಾಡಿ 2017ರಲ್ಲಿ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಜೊತೆಯವರೊಂದಿಗೆ ಕೀಟಲೆ ಮಾಡುವವರು ಒಂದು. ಏನೇ ಬಂದರೂ ಹಗುರವಾಗಿ ತೆಗೆದುಕೊಳ್ಳುವವರು ಇನ್ನೊಂದು. ಲೆಕ್ಕ, ಸಮಸ್ಯೆ, ವಿಚಾರಗಳ ಜೊತೆ ಆಡುವವರು ಮತ್ತೊಂದು. ವಿಚಿತ್ರ ಅನ್ನಿಸುವ ಸಣ್ಣಪುಟ್ಟ ಸಂಗತಿಗಳಲ್ಲಿ ಖುಷಿ ಕಾಣುವವರು ಕೊನೆಯ ಬಗೆ. ನೀವು ಮೊದಲ ಬಗೆಯವರು, ಹಾಗಾಗಿ ಅದೊಂದನ್ನೇ ಆಟ ಅಂದುಕೊಂಡಿದ್ದೀರಿ. ನನಗೆ ಪರಿಚಯದ ಒಬ್ಬ ಕ್ಯಾಶಿಯರ್ ಇದ್ದರು. ಇಡೀ ದಿನ ತುಟಿ ಎರಡು ಮಾಡುತ್ತಿರಲಿಲ್ಲ. ಆದರೆ ಎಣಿಸುವಾಗ ನೋಟಿನ ಸಂಖ್ಯೆಯಲ್ಲಿ ಸಹೋದ್ಯೋಗಿಗಳ ಹುಟ್ಟಿದ ದಿನ ಹುಡುಕುತ್ತಿದ್ದರು. ಸಿಕ್ಕರೆ ತಮ್ಮ ಜೇಬಿನ ನೋಟು ಹಾಕಿ ಅದನ್ನು ಬದಲಾಯಿಸಿಕೊಂಡು, ಹುಟ್ಟುಹಬ್ಬದ ದಿನ ಲಕೋಟೆಯಲ್ಲಿಟ್ಟು ಕೊಡುತ್ತಿದ್ದರು. ಅದಕ್ಕಿಂತ ಚಂದದ ಆಟ ನಾನು ಕಚೇರಿಯಲ್ಲಿ ನೋಡಿಲ್ಲ. ನಿಮ್ಮವರು ಯಾವ ಬಗೆಯವರೋ, ಒಂದು ತಿಂಗಳು ಸುಮ್ನೆ ಗಮನಿಸಿ.

ಆಮೇಲೆ ಏನು ಮಾಡಬಹುದು? ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಯುಪಿಎಸ್ ಕೂಡ ಕೈಕೊಟ್ಟರೆ ಕೌಂಟರ್ ಮುಂದೆ ಇಬ್ಬರು ಸದಸ್ಯರು, ಒಳಗೆ ಕೆಲಸವಿಲ್ಲದೆ ಕೂತ ಸಿಬ್ಬಂದಿ. ಎಷ್ಟೋ ಮ್ಯಾನೇಜರ್‌ಗಳು ಆ ಹೊತ್ತಿಗೆ ಹಳೇ ಫೈಲ್ ಜೋಡಿಸಲು ಹೇಳುತ್ತಾರೆ. ನೀವು ಹೇಳಬೇಡಿ. ಅದು ತಾನಾಗಿ ಸಿಗುವ ಜಗಲಿ. ಬೆಳಿಗ್ಗೆಯೇ ‘ಇವತ್ತು ಸಂಜೆಯೊಳಗೆ ಎಷ್ಟು ಸಲ ಕರೆಂಟ್ ಹೋಗ್ತದೆ’ ಅಂತ ಬೋರ್ಡಿನಲ್ಲಿ ಬರೆದಿಡಿ, ನಿಮ್ಮ ಅಂದಾಜು ಮೊದಲು ಹಾಕಿ. ಯಾರೂ ಬರೆಯದಿದ್ದರೆ ನೀವೊಬ್ಬರೇ ಬರೆಯಿರಿ, ಒಂದು ವಾರ. ದುಡ್ಡು ಕಟ್ಟುವುದು, ಬಹುಮಾನ ಕೊಡುವುದು ಬೇಡ. ಪಣ ಏರಿದ ಕೂಡಲೇ ಆಟ ಹೋಗಿ ಜಗಳ ಬರುತ್ತದೆ.

ನಿಮ್ಮ ನಟನೆಯ ಕೈಚಳಕ ಹಾಳಾಗುವುದೂ ಬೇಡ, ಆದರೆ ಕೈಕೆಳಗಿನವರನ್ನು ಅನುಕರಣೆ ಮಾಡುವುದನ್ನು ಪೂರ್ತಿ ನಿಲ್ಲಿಸಿ. ಒಂದು ದಿನ ಸಾಲದ ಅರ್ಜಿ ಹಿಡಿದು ನೀವೇ ಕೌಂಟರಿನ ಆಚೆ ಹೋಗಿ ನಿಲ್ಲಿ. ಮೊದಲ ಸಲ ಸಾಲ ಕೇಳಲು ಬಂದ, ಕನ್ನಡಕ ಮರೆತು ಬಂದ ಸದಸ್ಯರಾಗಿ. ಒಪ್ಪುವವರು ಯಾರಾದರೂ ಮ್ಯಾನೇಜರ್ ಆಗಲಿ. ಅಟೆಂಡರ್ ಆದರೆ ಇನ್ನೂ ಒಳ್ಳೆಯದು. ನೀವು ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು ‘ಜಾಮೀನುದಾರರು ಎಲ್ಲಿ?’ ಅಂತ ಕೇಳುವ ಶೈಲಿಯನ್ನು ಅವರು ಮಾಡಿ ತೋರಿಸಿಯೇ ತೋರಿಸುತ್ತಾರೆ. ಎಲ್ಲರೂ ನಗುತ್ತಾರೆ. ಆ ನಗು ನಿಮ್ಮ ಮೇಲೆ ಬರಲಿ, ಬಿಡಿ. ಮಳೆಗಾಲದಲ್ಲಿ ಚನ್ನೆಮಣೆ ಮುಂದೆ ಕೂತ ಅಜ್ಜಿ ನಮಗೆ ಎಷ್ಟು ಸಲ ಸೋತಿದ್ದಾರೆ. ಯಾವಾಗಲೂ ಅವರೇ ಗೆದ್ದಿದ್ದರೆ ನಾವು ಮಣೆ ಮುಂದೆ ಕೂರುತ್ತಲೇ ಇರಲಿಲ್ಲ. ಜೊತೆಗೆ ಆ ಅರ್ಜಿಯ ಯಾವ ಸಾಲಿನಲ್ಲಿ ಸದಸ್ಯರು ತಡವರಿಸುತ್ತಾರೆ ಅನ್ನುವುದೂ ನಿಮಗೆ ಅವತ್ತೇ ಗೊತ್ತಾಗುತ್ತದೆ. ಇದರಲ್ಲಿ ಅಪಾಯ ಇಲ್ಲದಿಲ್ಲ. ಅನುಕರಣೆ ನಿಮಗೆ ಚುಚ್ಚಿ, ಮುಖ ಒಂದು ಕ್ಷಣ ಬಿಗಿದರೂ ಸಾಕು, ಇನ್ನೊಂದು ವರ್ಷ ಯಾರೂ ಹತ್ತಿರ ಬರುವುದಿಲ್ಲ. ತಡೆದುಕೊಳ್ಳುವೆ ಅನ್ನುವ ಧೈರ್ಯ ಇಲ್ಲದಿದ್ದರೆ ಸದ್ಯಕ್ಕೆ ಇದನ್ನು ಬಿಟ್ಟು ಕರೆಂಟಿನ ಬೋರ್ಡಿನಲ್ಲೇ ಇರಿ.

ಕೆಲವು ಗೆರೆ ಮಾತ್ರ ದಾಟಬಾರದು. ಜಾತಿ, ಮೈಬಣ್ಣ, ದೇಹ, ಮನೆಮಾತು, ಮಕ್ಕಳಾಗದಿರುವುದು, ಮದುವೆಯಾಗದಿರುವುದು ಇವು ತಮಾಷೆಯ ವಿಷಯ ಅಲ್ಲ, ಅವರೇ ತಮ್ಮ ಬಗ್ಗೆ ಹೇಳಿಕೊಂಡು ನಕ್ಕರೂ ಅಲ್ಲ. ಹೆಣ್ಣುಮಕ್ಕಳ ಎದುರು ಆಡುವ ಅಶ್ಲೀಲ ಮಾತು 2013ರ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳ. ‘ತಮಾಷೆಗೆ ಅಂದೆ’ ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ನಿಮ್ಮಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಮಾಡಿಸಿ. ಸುಸ್ತಿದಾರರ ನೆಪಗಳನ್ನು ಹೇಳಿಕೊಂಡು ನಗುವುದು ಪಿಗ್ಮಿ ಸಂಗ್ರಹಿಸುವವರಿಗೆ ಸಹಜ, ಆದರೆ ಹೆಸರು ಬಂದರೆ ತಕ್ಷಣ ತಡೆಯಿರಿ. ನಿಮ್ಮೂರು ಸಣ್ಣದು, ಸಂಜೆಯೊಳಗೆ ಮಾತು ಅವರ ಮನೆ ತಲುಪುತ್ತದೆ. ಕ್ಯಾಶ್ ಕಡಿಮೆ ಬಂದ ದಿನ, ಯಾರಿಗಾದರೂ ನೋಟಿಸ್ ಕೊಡುವ ದಿನ, ಯಾರದ್ದೋ ಮನೆಯಲ್ಲಿ ಸಾವಾದ ವಾರ ಬೋರ್ಡ್ ಖಾಲಿ ಇರಲಿ. ಬೈಯಬೇಕಾದ್ದನ್ನು ತಮಾಷೆಯಲ್ಲಿ ಸುತ್ತಿ ಕೊಡುವ ಅಭ್ಯಾಸ ನಿಮಗಿದೆ ಅಂತ ಹಾರದ ಪ್ರಸಂಗದಿಂದ ಅನ್ನಿಸಿತು. ತಡವಾಗಿ ಬಂದವರಿಗೆ ನೇರವಾಗಿ, ಒಬ್ಬರೇ ಇರುವಾಗ, ಮೆಲ್ಲಗೆ ಹೇಳಿ. ಆಗ ನಿಮ್ಮ ತಮಾಷೆಯನ್ನು ಜನ ತಮಾಷೆ ಅಂತಲೇ ನಂಬುತ್ತಾರೆ.

ಮಗಳ ಟೇಬಲ್ ಟೆನಿಸ್ ಬಗ್ಗೆ ಹೆಚ್ಚು ಯೋಚಿಸಬೇಡಿ. ಮೇಜು ಇದ್ದ ಮಾತ್ರಕ್ಕೆ ಅಲ್ಲಿ ಹೆದರಿಕೆ ಇಲ್ಲ ಅಂತ ಆಗುವುದಿಲ್ಲ. ಮ್ಯಾನೇಜರ್ ಜೊತೆ ಆಡುವಾಗ ಬೇಕಂತಲೇ ಸೋಲುತ್ತೀಯಾ ಅಂತ ಅವಳನ್ನೊಮ್ಮೆ ಕೇಳಿ ನೋಡಿ.

ಕೊನೆಗೆ, ‘ಅಕ್ಕ’. ಹೇಳಿ ಕರೆಸಿಕೊಳ್ಳಬೇಡಿ. ಮ್ಯಾನೇಜರ್ ಹೇಳಿದ ಮೇಲೆ ಅದೂ ಒಂದು ಆದೇಶವಾಗುತ್ತದೆ. ಕೆಲವರು ಕೊನೆಯ ತನಕ ಮೇಡಂ ಅಂತಲೇ ಅನ್ನಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಇನ್ನು ಕೆಲವರ ಬಾಯಲ್ಲಿ ಒಂದು ದಿನ, ಕರೆಂಟ್ ಹೋದ ಮಧ್ಯಾಹ್ನವೋ ಏನೋ, ‘ಅಕ್ಕಾ, ನಿಮ್ಮ ಅಂದಾಜು ಇವತ್ತೂ ತಪ್ಪಿತು’ ಅಂತ ಬಂದುಬಿಡುತ್ತದೆ. ಅವರಿಗೇ ಅದು ಗೊತ್ತಾಗಿರುವುದಿಲ್ಲ. ನೀವೂ ಗಮನಿಸಿದ ಹಾಗೆ ತೋರಿಸಿಕೊಳ್ಳಬೇಡಿ. ಚಹಾಕ್ಕೆ ನೀರಿಡಲು ಎದ್ದು ಹೋಗಿ.